ಹೆಣ್ಣು ನೋಡಲು ಬಂದ ವೈರಸ್ ಸಂಶೋಧಕ

"ತುಟಿ ಮೇಲಿನ ಈ ಗುಳ್ಳೆ... ಆಗಾಗ ಬರ್ತಾವೇನ್ರಿ?"

ಹೆಣ್ಣು ನೋಡಲು ಬಂದವನು ಕೇಳಿದ ಮೊದಲ ಪ್ರಶ್ನೆ ಅದು!

ಸ್ನೇಹಾಳ ಮುಖ ಕೆಂಪಾಯಿತು. ಹರಿಹರದ ಮನೆಯ ಟೆರೇಸಿನಲ್ಲಿ ಇಬ್ಬರನ್ನೇ ಮಾತಾಡಲು ಬಿಟ್ಟು ಹಿರಿಯರು ಕೆಳಗೆ ಕುಳಿತಿದ್ದರು.

ಜ್ವರ ಬಂದಾಗಲೆಲ್ಲ ಅವಳ ತುಟಿಯ ಅಂಚಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಹೋದ ವರ್ಷದ ಸಂಬಂಧ ಮುರಿದದ್ದೂ ಅದರಿಂದಲೇ. 'ಹುಡುಗಿಗೆ ಏನೋ ರೋಗ ಐತಂತೆ' ಎಂದು ಆ ಗಂಡಿನ ಕಡೆಯವರು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

"ನೀವು ಹೆಣ್ಣು ನೋಡಕ್ಕೆ ಬಂದೀರೋ, ರೋಗ ನೋಡಕ್ಕೆ ಬಂದೀರೋ?"

ರುದ್ರಮುನಿ ತಡವರಿಸಿದ. ದಾವಣಗೆರೆಯ ಲ್ಯಾಬೊಂದರಲ್ಲಿ ಅವನು ವೈರಸ್ ಸಂಶೋಧಕ.

"ತಪ್ಪು ತಿಳಿಬ್ಯಾಡ್ರಿ... ನಿಮ್ಮ ಎಡಗಣ್ಣು ಕೆಂಪಗೈತಲ್ಲ, ಅದಕ್ಕೆ ಕೇಳಿದೆ."

"ಶಾಲೇಲಿ ಸೀಮೆಸುಣ್ಣದ ಧೂಳು, ಅಷ್ಟೆ."

"ನಾಳೇನೇ ಕಣ್ಣಿನ ಡಾಕ್ಟರಿಗೆ ತೋರಿಸ್ರಿ."

ಅಷ್ಟು ಹೇಳಿ ಇಳಿದು ಹೋದ. ಒಪ್ಪಿಗೆ ಎನ್ನಲಿಲ್ಲ, ಬೇಡವೆನ್ನಲಿಲ್ಲ. ಅವನ ತಾಯಿ ಯಾಕೆ ಬಂದಿಲ್ಲ ಎಂದು ಕೇಳಿದರೆ ಜೊತೆಗೆ ಬಂದಿದ್ದ ಅವನ ಸೋದರಮಾವ ಮಾತು ತೇಲಿಸಿದರು.

ಆಮೇಲೆ ದಿನವೂ ಫೋನ್. "ಕಣ್ಣು ತೋರಿಸಿದ್ರಾ?" ಬೇರೆ ಮಾತೇ ಇಲ್ಲ!

'ರಿಪೋರ್ಟ್ ನೋಡಿ ಆಮೇಲೆ ಒಪ್ಪೋ ಲೆಕ್ಕಾಚಾರವೇ ಇವನದು?'

ಜೊತೆಗೆ ಪಾಠ ಮಾಡುವ ಅಂಜುಮ್ ಇನ್ನೊಂದು ಸುದ್ದಿ ತಂದಳು. "ಅವರ ಲ್ಯಾಬಲ್ಲಿ ಈ ಗುಳ್ಳೆ ತರೋ ಹರ್ಪಿಸ್ ವೈರಸ್ ಮೇಲೇನೇ ಕೆಲಸ ಅಂತೆ ಕಣೆ. ಗುಳ್ಳೆ ನೀರು ತಗೊಂಡು ಟೆಸ್ಟ್ ಮಾಡ್ತಾರಂತೆ."

ಹಾಗಾದರೆ ಅವನಿಗೆ ಬೇಕಿದ್ದದ್ದು ಹೆಂಡತಿಯಲ್ಲ... ಸ್ಯಾಂಪಲ್!

ಆ ಸಂಜೆ ಅವನ ಫೋನ್ ಬಂದಾಗ ಸ್ನೇಹಾ ಸಿಡಿದಳು. "ಇನ್ನು ಫೋನ್ ಮಾಡಬ್ಯಾಡ್ರಿ!"

ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲೆ ತಾನೇ ಬರೆದ ಅಕ್ಷರಗಳು ಮಸುಕಾದವು. ಬೆಳಕು ಚುಚ್ಚುತ್ತಿತ್ತು. ಹೆದರಿದ ಅಪ್ಪ ಬಕ್ಕೇಶಪ್ಪ ಅವಳನ್ನು ದಾವಣಗೆರೆಗೆ ಕರೆದೊಯ್ದರು.

ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ನೋಡಿದರು. "ಹರ್ಪಿಸ್ ಕಣ್ಣಿಗೂ ಬಂದೈತೆ. ಇನ್ನೂ ತಡ ಮಾಡಿದ್ರೆ ಕಲೆ ಉಳಿದು ದೃಷ್ಟಿನೇ ಹೋಗ್ತಿತ್ತು. ಔಷಧಿ ಒಂದಿನಾನೂ ತಪ್ಪಿಸಬ್ಯಾಡ."

ಅವನು ಹೇಳಿದ್ದು ನಿಜವಾಗಿತ್ತು. ಆದರೆ ಅವನ ಮನಸ್ಸಿನಲ್ಲಿದ್ದದ್ದೇನು? ಸಂಶಯ ಮಾತ್ರ ಕರಗಲಿಲ್ಲ.

ಕಣ್ಣು ತುಸು ಸುಧಾರಿಸಿದ ಮೇಲೆ ಅವಳು ದಾವಣಗೆರೆಯ ಕೆ.ಬಿ. ಬಡಾವಣೆಯ ಅವನ ಮನೆಗೇ ಹೋದಳು. ಬಾಗಿಲು ತೆರೆದವರು ಅವನ ತಾಯಿ ಬಸವಣ್ಣೆಮ್ಮ. ಅವರ ಒಂದು ಕಣ್ಣಿನ ಮೇಲೆ ಬೆಳ್ಳಗೆ ಪೊರೆಯಂಥ ಕಲೆ!

"ಸ್ನೇಹಾ ಅಲ್ಲೇನವ್ವ? ಹೆದರಬ್ಯಾಡ. ನಂದೂ ಅದೇ ಕಾಯಿಲೆ. ಜನ ಏನಂತಾರೋ ಅಂತ ಮುಚ್ಚಿಟ್ಟೆ, ಕಣ್ಣು ಹೋತು. ನನ್ನ ಕಣ್ಣು ನೋಡಿ ನೀವು ಹಿಂಜರಿದೀರಿ ಅಂತ ಅವತ್ತು ನಾನೇ ಬರಲಿಲ್ಲ. ನನ್ನ ಮಗ ಈ ವೈರಸ್ ಹಿಂದೆ ಬಿದ್ದಿದ್ದೂ ನನ್ನಿಂದಲೇ... ಮಾತಾಡ್ರಿ, ಚಾ ಇಡ್ತೀನಿ."

ಅವರು ಒಳಗೆ ಹೋದರು. ರುದ್ರಮುನಿ ಹೊರಬಂದು ಗಾಬರಿಯಿಂದ ನಿಂತ.

"ನಿಮ್ಮ ಲ್ಯಾಬಿಗೆ ನಾನು ಬೇಕಿತ್ತಾ?"

"ಇಲ್ರಿ! ಒಪ್ಪಿದವರಿಂದಷ್ಟೇ ಸ್ಯಾಂಪಲ್ ತಗೋತೀವಿ. ನಿಮ್ಮಿಂದ ಯಾವತ್ತೂ ತಗೊಳ್ಳಲ್ಲ."

"ಮತ್ತೆ ಮದುವೆ ವಿಷಯ ಯಾಕ ಹೇಳ್ಲಿಲ್ಲ?"

"ಬ್ಯಾಡ ಅಂದಿದ್ರೆ ನೀವು ನನ್ನ ಫೋನೇ ಎತ್ತುತಿರಲಿಲ್ಲ. ಹೂಂ ಅಂದು ಕಣ್ಣು ತೋರಿಸ್ರಿ ಅಂದಿದ್ರೆ, ಹುಡುಗೀನ ಪರೀಕ್ಷೆ ಮಾಡಿಸ್ತಾನೆ ಅಂತ ಜನ ಆಡ್ಕೋತಿದ್ರು. ಮೊದಲು ಕಣ್ಣು ಉಳೀಲಿ ಅನ್ಕೊಂಡೆ."

ಸ್ನೇಹಾ ತುಟಿಯಂಚು ಮುಟ್ಟಿ ಕೇಳಿದಳು. "ಇದು... ಪೂರ್ತಿ ಹೋಗುತ್ತಾ?"

"ಇಲ್ಲ. ನರದೊಳಗೆ ಮಲಗಿರ್ತೈತೆ. ಮೈಕ್ರೋ ಆರ್‌ಎನ್‌ಎ ಅಂತ ಜೀವಕೋಶದೊಳಗಿನ ಸಣ್ಣ ತುಣುಕುಗಳು ಅದನ್ನ ಹೆಂಗೆ ಮಲಗಿಸಿಡ್ತಾವೆ ಅಂತ ಹುಡುಕೋದೇ ನನ್ನ ಕೆಲಸ. ನಾಚಿಕೆ ಪಡೋಂಥದ್ದಲ್ಲ ಸ್ನೇಹಾ. ಬಹಳ ಜನರ ಮೈಯಾಗೈತೆ, ನನ್ನ ಮೈಯಾಗೂ."

ಇಷ್ಟು ವರ್ಷ ಅಡಗಿಸಿಟ್ಟ ಅವಮಾನವೆಲ್ಲ ಅವಳ ಕಣ್ಣಿಂದ ಹರಿಯಿತು.

"ಅಯ್ಯೋ, ಅಳಬ್ಯಾಡ್ರಿ! ಔಷಧಿ ತೊಳೆದು ಹೋಗುತ್ತೆ!"

ಅಳುತ್ತಲೇ ಅವಳು ನಕ್ಕಳು.

ಅವನ ದನಿ ಮೆತ್ತಗಾಯಿತು. "ಟೆರೇಸಲ್ಲಿ ನಿಮಗೆ ಸಿಟ್ಟು ಬಂತಲ್ಲ... ಅವತ್ತೇ ನಾನು ಒಪ್ಪಿದ್ದೆ."

"ಹೆಂಗೆ ನಂಬ್ಲಿ?"

"ಈಗಲೇ ನಂಬಬ್ಯಾಡ್ರಿ. ದಿನಾ ಕೇಳ್ರಿ, ದಿನಾ ಹೇಳ್ತೀನಿ."

"ಹಂಗಾದ್ರೆ ಈಗೊಂದ್ಸಲ ಹೇಳ್ರಿ."

ರುದ್ರಮುನಿ ಅಡುಗೆಮನೆಯತ್ತ ನೋಡಿ, ಅವಳ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ.

"ಗಟ್ಟಿಯಾಗಿ ಹೇಳಪ್ಪಾ," ಒಳಗಿನಿಂದ ಬಸವಣ್ಣೆಮ್ಮ ಕೂಗಿದರು, "ನನಗೂ ಕೇಳ್ಲಿ!"