ಕೈಗೆ ತಾಗಿದ ಮೂರು ಜೀರುಂಡೆ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 10.40ಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆಯಲು ಕಾಗದ ಕೇಳಲಿಲ್ಲ. ಕೈಯಲ್ಲಿ ತಾನೇ ಕೆಲವು ಹಾಳೆ ಹಿಡಿದು ಬಂದಿದ್ದಳು. ವಯಸ್ಸು ಮೂವತ್ತರ ಆಸುಪಾಸು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಆರು ವರ್ಷದ ಹಿಂದೆ ಕಾಣೆಯಾದ ಮ್ಯೂಸಿಯಂ ಮೇಷ್ಟ್ರ ಮಗಳು ತಾನು ಎಂದಾಗ ದಫೇದಾರ ಬರೆಯುವುದನ್ನು ನಿಲ್ಲಿಸಿದ. ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಯಾರೂ ಕರೆಯುವ ಮೊದಲೇ ಎದ್ದು ಹೊರಗೆ ಬಂದ.

ಆ ಪ್ರಕರಣದ ತನಿಖೆ ಅವನದೇ. ಆಗಿನ್ನೂ ಸಬ್ ಇನ್ಸ್‌ಪೆಕ್ಟರ್. ಹೊಳೆದಂಡೆಯ ಕಾಡಿಗೆ ಹುಳ ಹಿಡಿಯಲು ಹೋಗುತ್ತೇನೆಂದು ಹೇಳಿ ನವೆಂಬರ್ 9ರಂದು ಮನೆ ಬಿಟ್ಟ ಮೇಷ್ಟ್ರು ಮರಳಿರಲಿಲ್ಲ. ಐದು ದಿನ ಹೊಳೆ ಜಾಲಾಡಿಸಿ, ಒಂದು ಚಪ್ಪಲಿಯೂ ಸಿಗದೆ, ‘ಮುಳುಗಿರುವ ಸಾಧ್ಯತೆ’ ಎಂದು ಬರೆದು ಕಡತ ಮುಚ್ಚಿದ್ದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ದಫೇದಾರ ಆಗಲೇ ಗೊಣಗಿದ್ದ.

ಮಗಳು ತಂದದ್ದು ಒಂದು ಸಂಶೋಧನಾ ಪತ್ರಿಕೆಯ ಎಂಟು ಪುಟ. ಮೇಷ್ಟ್ರ ಸಹಾಯಕನಾಗಿದ್ದವನು ಹೊಸದೊಂದು ಜೀರುಂಡೆಯನ್ನು ವರ್ಣಿಸಿ, ಅದಕ್ಕೆ ಮೇಷ್ಟ್ರ ಹೆಸರನ್ನೇ ಇಟ್ಟಿದ್ದ. ಮನೆಯವರಿಗೆ ಸಂತೋಷವಾಗಲಿ ಎಂದು ಮ್ಯೂಸಿಯಂನ ವಿಭಾಗದ ಮುಖ್ಯಸ್ಥೆ ಅಂಚೆಯಲ್ಲಿ ಕಳಿಸಿದ್ದಳು. ನಾಲ್ಕನೇ ಪುಟದಲ್ಲಿ ಹುಳದ ಚಿತ್ರ. ಅದರ ಕೆಳಗೆ, ಹುಳ ಸಿಕ್ಕ ಸೀಸೆಯೊಳಗಿದ್ದ ಲೇಬಲ್ಲಿನ ಚಿತ್ರ. ಪೆನ್ಸಿಲ್ಲಿನ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು.

‘ಸುಣ್ಣಕಲ್ಲಿನ ಹಳೇ ಗಣಿ. 4ನೇ ಸುರಂಗ, ಬಾವಿಯ ತಳ. ನವೆಂಬರ್ 12. ಬೆಳಕಿಲ್ಲ. ಮೂರು, ಕೈಗೆ ತಾಗಿದವು.’ ಕೆಳಗೆ ಮೇಷ್ಟ್ರು ಕಾಣೆಯಾದ ವರ್ಷ.

“ಇದು ಅಪ್ಪನ ಕೈಬರಹ,” ಎಂದಳು ಮಗಳು. “ತಾರೀಖು ನೋಡಿ.”

ಇನ್ಸ್‌ಪೆಕ್ಟರ್ ನೋಡಿದ. ತಪ್ಪಾಗಿ ಬರೆದಿರಬಹುದಲ್ಲ ಎಂದು ಕೇಳಿದ.

“ನನ್ನ ಹುಟ್ಟಿದ ದಿನ ಮರೀತಿದ್ರು. ಲೇಬಲ್ ಮೇಲಿನ ತಾರೀಖು ಯಾವತ್ತೂ ತಪ್ಪಿಲ್ಲ. ಮನೆ ಬಿಟ್ಟು ಮೂರನೇ ದಿನ ಅವರು ಬದುಕಿದ್ರು, ಸರ್. ಎಲ್ಲಿದ್ರು ಅಂತ ಅವರೇ ಬರೆದಿಟ್ಟಿದ್ದಾರೆ. ಅಮ್ಮ ಇವತ್ತಿಗೂ ಬಾಗಿಲಿಗೆ ಚಿಲಕ ಹಾಕಲ್ಲ. ಹುಡುಕಿ ಕೊಡಿ, ಹೇಗಿದ್ರೂ ಸರಿ.”

ಮಧ್ಯಾಹ್ನ 12.15ಕ್ಕೆ FIR ದಾಖಲಾಯಿತು. ಹಳೇ ಕಡತವನ್ನು ದಫೇದಾರ ಧೂಳು ಕೊಡವಿ ತಂದಿಟ್ಟ. ಅದರಲ್ಲಿ ಸಹಾಯಕನ ಹೇಳಿಕೆ ಒಂದೇ ಹಾಳೆಯದು: ನವೆಂಬರ್ 11, ಸಂಜೆ 4 ಗಂಟೆ. ತನಗೆ ಜ್ವರ, ಒಂಬತ್ತನೇ ತಾರೀಖಿನಿಂದ ಮನೆಯಲ್ಲೇ ಇದ್ದೇನೆ, ಮೇಷ್ಟ್ರು ಒಬ್ಬರೇ ಹೊಳೆಯ ಕಡೆ ಹೋದರು. ಅವನ ಅಕ್ಕ ಹೌದೆಂದು ರುಜು ಹಾಕಿದ್ದಳು. ಕೆಳಗೆ ಇನ್ಸ್‌ಪೆಕ್ಟರನದೇ ಅವಸರದ ಸಹಿ. ಈ ಇನ್ಸ್‌ಪೆಕ್ಟರನಿಗೆ ಠಾಣೆಯಲ್ಲಿ ‘ಒಂದ್ಸಲದ ಸಾಹೇಬ’ ಎಂದು ಅಡ್ಡಹೆಸರು. ಯಾವ ಪ್ರಶ್ನೆಯನ್ನೂ ಎರಡನೇ ಸಲ ಕೇಳುವುದಿಲ್ಲ; ಕೇಳಿದ್ದನ್ನೇ ಕೇಳುವವನು ಕಿವುಡ ಇಲ್ಲವೇ ಸೋಮಾರಿ ಎಂಬುದು ಅವನ ವಾದ. ಅದನ್ನು ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

2.30ಕ್ಕೆ ಮ್ಯೂಸಿಯಂ. ಕೀಟ ವಿಭಾಗದಲ್ಲಿ ನೆಲದಿಂದ ಸೂರಿನವರೆಗೆ ಮರದ ಕಪಾಟುಗಳು, ಮೂಗಿಗೆ ಅಡರುವ ನುಸಿಗುಳಿಗೆಯ ವಾಸನೆ. ವಿಭಾಗದ ಮುಖ್ಯಸ್ಥೆ ಒಂದು ಡಬ್ಬಿ ತೆರೆದು ತೋರಿಸಿದಳು. ಸೂಜಿಯ ತುದಿಯಲ್ಲೊಂದು ಕಾಗದದ ತ್ರಿಕೋನ, ಅದರ ಮೊನೆಗೆ ಅಂಟಿಸಿದ ಕಂದು ಚುಕ್ಕೆ. ಜೀರಿಗೆ ಕಾಳಿಗಿಂತ ಚಿಕ್ಕದು. ಅಡಿಯಲ್ಲಿ ಕೆಂಪು ಚೀಟಿ.

ಇದಕ್ಕೆ ಕಣ್ಣಿಲ್ಲ, ಕತ್ತಲಲ್ಲೇ ಹುಟ್ಟಿ ಕತ್ತಲಲ್ಲೇ ಸಾಯುವ ಜಾತಿ ಎಂದು ಅವಳು ವಿವರಿಸಿದಳು. ಇದರ ದಾಯಾದಿಗಳಿಗೆ ಬೆನ್ನಿನ ಓಡಿನ ಅಂಚಿನಲ್ಲಿ ಐದು ರೋಮ, ಇದಕ್ಕೆ ಏಳು. ಆ ಎರಡು ರೋಮವನ್ನು ಖಚಿತಪಡಿಸಿಕೊಳ್ಳಲು ಸಹಾಯಕ ಏಳು ತಿಂಗಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದನಂತೆ. ಕೆಂಪು ಚೀಟಿ ಎಂದರೆ, ಇನ್ನು ಮುಂದೆ ಜಗತ್ತಿನಲ್ಲಿ ಯಾರು ಈ ಹೆಸರು ಹೇಳಿದರೂ ಈ ಒಂದು ಹುಳವೇ ಅದಕ್ಕೆ ಸಾಕ್ಷಿ. ಹುಳಕ್ಕೆ ಸಾಕ್ಷಿ ಅದರ ಲೇಬಲ್. ಮೇಷ್ಟ್ರು ಕಾಣೆಯಾದ ತಿಂಗಳು ಅವಳಿಗೆ ನೆನಪಿತ್ತು, ದಿನ ನೆನಪಿರಲಿಲ್ಲ. ಅಲ್ಲಿ ಯಾರಿಗೂ ನೆನಪಿರಲಿಲ್ಲ.

“ಹನ್ನೆರಡರ ಬದಲು ಎರಡು ಅಂತ ಅಚ್ಚು ಹಾಕಿದ್ದಿದ್ರೆ?” ಎಂದು ಇನ್ಸ್‌ಪೆಕ್ಟರ್ ಕೇಳಿದ.

“ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಮತ್ತೆ ಯಾಕೆ ಹಾಕಲಿಲ್ಲ?”

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. “ಲೇಬಲ್ ಸರ್ ಅದು,” ಎಂದಳು.

ಸಹಾಯಕ ಪಕ್ಕದ ಕೋಣೆಯಲ್ಲಿ ಕೂತಿದ್ದ. ತೆಳ್ಳಗೆ, ನಲವತ್ತೈದರ ವಯಸ್ಸಿಗೇ ಪೂರ್ತಿ ನರೆತ ತಲೆ. ಸೀಸೆ ಎಲ್ಲಿ ಸಿಕ್ಕಿತು ಎಂದು ಕೇಳಿದಾಗ, ಮೇಷ್ಟ್ರ ಚೀಲದಲ್ಲಿ ಎಂದ. ಅಷ್ಟರಲ್ಲಿ ಕಪಾಟಿನ ಮರದೊಳಗಿಂದ ಟಕ್ ಟಕ್ ಎಂದು ಸಣ್ಣ ಸದ್ದು ಬಂತು. ಮಾತಿನ ನಡುವೆಯೇ ಅವನು ಎದ್ದು, ಹೋಗಿ, ಕಪಾಟಿಗೆ ಅಂಗೈ ಒತ್ತಿ ನಿಂತ.

“ಮರ ಕೊರೆಯೋ ಜೀರುಂಡೆ,” ಎಂದ ವಾಪಸು ಬಂದು. “ಜೋಡೀನ ಕರೆಯೋಕೆ ತಲೆ ಕುಟ್ಟುತ್ತೆ. ಅಷ್ಟೇ.” ಅವನ ಹಣೆ ಬೆವರಿತ್ತು.

ಹೊರಗೆ ಬಂದ ಮೇಲೆ ದಫೇದಾರ ಕಡತದ ಹಾಳೆಯೊಂದರ ಮೇಲೆ ಬೆರಳಿಟ್ಟು ತೋರಿಸಿದ. ಮೇಷ್ಟ್ರ ಹೆಂಡತಿ ಅಂದು ಬರೆಸಿದ್ದಳು: ‘ಅವರಿಗೆ ಇದ್ದದ್ದು ಒಂದೇ ಚೀಲ. ಅದನ್ನು ಜೊತೆಗೆ ಒಯ್ದಿದ್ದಾರೆ.’

ಮಾರ್ಚ್ 5, ಮಂಗಳವಾರ, ಬೆಳಿಗ್ಗೆ 8.30. ಗಣಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಪಂಚರಿಬ್ಬರು, ದಫೇದಾರ, ಮಹಿಳಾ ಕಾನ್‌ಸ್ಟೇಬಲ್ ಮತ್ತು ಹಗ್ಗ ಇಳಿಯಬಲ್ಲ ಇಬ್ಬರು ಅಗ್ನಿಶಾಮಕದವರು. ನಾಲ್ಕನೇ ಸುರಂಗದಲ್ಲಿ ತೊಂಬತ್ತು ಹೆಜ್ಜೆ ಒಳಗೆ ನೆಲ ಬಾಯಿ ತೆರೆದಿತ್ತು. ಬಾವಿಯ ಆಳ ಇಪ್ಪತ್ತೆರಡು ಅಡಿ. ಅಂಚಿನ ಬಂಡೆಗೆ ಆಗಲೇ ಒಂದು ಹಗ್ಗ ಬಿಗಿದಿತ್ತು. ಹಳೇದು, ಸುಣ್ಣ ಮೆತ್ತಿ ಬಿಳಿಚಿಕೊಂಡದ್ದು. ಅದು ತಳದವರೆಗೂ ಇಳಿಬಿದ್ದಿತ್ತು.

ಇನ್ಸ್‌ಪೆಕ್ಟರ್ ತಾನೇ ಕೆಳಗಿಳಿದ. ಮೇಲಿನಿಂದ ದಫೇದಾರ ಕೇಳಿಸಿಕೊಂಡು ಪಂಚನಾಮೆ ಬರೆಯುತ್ತ ಹೋದ. ಗೋಡೆಗೆ ಒರಗಿದ ಸ್ಥಿತಿಯಲ್ಲಿ ಮನುಷ್ಯನ ಅಸ್ಥಿಪಂಜರ, ಒಂದು. ಬಲಗಾಲಿನ ಮೂಳೆ ಮಂಡಿಯ ಕೆಳಗೆ ಮುರಿದಿದೆ. ಒಡೆದ ಹಣೆದೀಪ. ಕತ್ತಲಲ್ಲಿ ಹೊಳೆಯುವ ಮುಳ್ಳಿನ, ತಾರೀಖು ತೋರಿಸುವ ಕೈಗಡಿಯಾರ. ಬಟ್ಟೆಯ ಚೀಲ, ಅದರಲ್ಲಿ ಖಾಲಿ ಸೀಸೆ ಹನ್ನೊಂದು. ಮೋಟು ಪೆನ್ಸಿಲ್. ಸಣ್ಣ ಸುತ್ತಿಗೆ.

ಸುತ್ತಿಗೆಯ ಪಕ್ಕದ ಗೋಡೆಗೆ ಟಾರ್ಚ್ ಬಿಟ್ಟಾಗ ಅವನ ಮಾತು ನಿಂತಿತು. ಕೂತವನ ಕೈಗೆ ಎಟಕುವಷ್ಟು ಎತ್ತರದಲ್ಲಿ ಬಂಡೆ ಒಂದು ತಟ್ಟೆಯಷ್ಟಗಲ ತಗ್ಗಾಗಿತ್ತು. ಕುಟ್ಟಿ ಕುಟ್ಟಿ ಆದ ತಗ್ಗು. ಬೆಳಕು ತಾಗಿದ್ದೇ ತಡ, ಅದರ ಬಿರುಕಿನಿಂದ ಕಂದು ಕಾಳುಗಳಂಥವು ಸರಸರನೆ ಹೊರಟು ಇನ್ನೊಂದು ಬಿರುಕಿಗೆ ಸರಿದುಹೋದವು. ಅವಕ್ಕೆ ಬೆಳಕು ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಶಾಖಕ್ಕೆ ಓಡಿರಬೇಕು. ಆದರೂ ಅವನು ಟಾರ್ಚ್ ಪಕ್ಕಕ್ಕೆ ತಿರುಗಿಸಿದ.

“ಸಾಹೇಬ್ರೆ?” ಎಂದು ಮೇಲಿನಿಂದ ದಫೇದಾರ ಕರೆದ. ಆ ಬಾವಿಯೊಳಗೆ ಸ್ವರ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂದು ಇನ್ಸ್‌ಪೆಕ್ಟರನಿಗೆ ಆಗ ತಿಳಿಯಿತು. ಇಲ್ಲಿಂದ ಕೂಗಿದ್ದೂ ಮೇಲೆ ಅಷ್ಟೇ ಸ್ಪಷ್ಟವಾಗಿ ಕೇಳಿರಬೇಕು.

ಹಗ್ಗದ ತುದಿಯಲ್ಲಿ ಹಿತ್ತಾಳೆಯ ಬಿಲ್ಲೆ ಇತ್ತು, ಅಂಕಿ 27. ಮ್ಯೂಸಿಯಂನ ಉಗ್ರಾಣದ ಪುಸ್ತಕವನ್ನು ದಫೇದಾರ 12.50ಕ್ಕೆ ತೆಗೆಸಿ ನೋಡಿದ. ಹಗ್ಗ 27, ನವೆಂಬರ್ 13, ಬೆಳಿಗ್ಗೆ 9.20, ಪಡೆದವರು: ಸಹಾಯಕ. ಹಿಂದಿರುಗಿಸಿದ್ದು: ‘ಕಳೆದುಹೋಗಿದೆ.’

ಸಹಾಯಕನ ಅಕ್ಕನ ಮನೆಗೆ ಹೋದದ್ದು ಮಹಿಳಾ ಕಾನ್‌ಸ್ಟೇಬಲ್. ತಮ್ಮ ವಾಸವಿದ್ದದ್ದು ಅವಳೊಂದಿಗೇ. ಜ್ವರ ಬಂದದ್ದು ನಿಜವೇ ಎಂದು ಕೇಳಿದಾಗ ನಿಜವೇ ಎಂದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಆದರೆ ಒಂಬತ್ತನೇ ತಾರೀಖು ಇಡೀ ಹಗಲು ಅವನು ಮನೆಯಲ್ಲಿರಲಿಲ್ಲ. ಸಂಜೆ ಬಂದಾಗ ಅಂಗಿ, ಪ್ಯಾಂಟು, ರೆಪ್ಪೆ ಎಲ್ಲ ಬೆಳ್ಳಗೆ. ಎಷ್ಟು ಒಗೆದರೂ ಸುಣ್ಣ ಬಿಡಲಿಲ್ಲ. ಅದನ್ನು ಆಗ ಯಾಕೆ ಹೇಳಲಿಲ್ಲ?

“ಒಡಹುಟ್ಟಿದವನು,” ಎಂದಳು. “ಅವತ್ತಿಂದ ಅವನು ಮಲಗಿದ್ದೇ ನೋಡಿಲ್ಲ ನಾನು. ಕಿವಿಗೆ ಹತ್ತಿ ಇಟ್ಕೊಂಡು ಗೋಡೆಗೆ ಒರಗಿ ಕೂತಿರ್ತಾನೆ,” ಎಂದಳು.

ಸಂಜೆ 4.10ಕ್ಕೆ ಅವನನ್ನು ಕೆಲಸದ ಮೇಜಿನ ಬಳಿಯೇ ಬಂಧಿಸಲಾಯಿತು. ಅವನು ತಡೆಯಲಿಲ್ಲ. ಕೈಯಲ್ಲಿದ್ದ ಹುಳವನ್ನು ಡಬ್ಬಿಗೆ ಸೇರಿಸಿ, ಮುಚ್ಚಳ ಹಾಕಿ, ಎದ್ದ. ಮೇಷ್ಟ್ರ ಸೀಸೆಯನ್ನು ಅವನ ಎದುರೇ ವಶಪಡಿಸಿಕೊಂಡರು. ಮೂರರಲ್ಲಿ ಎರಡು ಹುಳ, ಆ ಲೇಬಲ್, ಇನ್ನೂ ಅದೇ ಸ್ಪಿರಿಟ್‌ನಲ್ಲಿದ್ದವು. ಒಳಗಿಡುವ ಗುರುತು ಚೀಟಿಗೆ ದಫೇದಾರ ಪೆನ್ನು ತೆಗೆದ.

“ಪೆನ್ಸಿಲಲ್ಲಿ ಬರೀರಿ,” ಎಂದ ಸಹಾಯಕ. “ಶಾಯಿ ಕರಗಿಹೋಗುತ್ತೆ.”

ದಫೇದಾರ ಅವನ ಮುಖ ನೋಡಿದ, ಆಮೇಲೆ ಪೆನ್ಸಿಲ್ ಕೇಳಿ ತೆಗೆದುಕೊಂಡ.

ಠಾಣೆಯಲ್ಲಿ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು. ಮೇಷ್ಟ್ರ ಕೈಕೆಳಗೆ ಹನ್ನೊಂದು ವರ್ಷ. ಅಷ್ಟರಲ್ಲಿ ಇವನು ಹುಡುಕಿ, ಚಿತ್ರ ಬರೆದು, ರೋಮ ಎಣಿಸಿ ಕೊಟ್ಟ ಹೊಸ ಜೀರುಂಡೆಗಳು ಹದಿನಾಲ್ಕು. ಹದಿನಾಲ್ಕಕ್ಕೂ ಹೆಸರಿಟ್ಟದ್ದು ಮೇಷ್ಟ್ರು ಒಬ್ಬರೇ. ಇವನಿಗೆ ಕೊನೆಯ ಸಾಲಿನಲ್ಲಿ ಒಂದು ವಂದನೆ. ಹೊಳೆಗೆ ಹೊರಟಿದ್ದ ಮೇಷ್ಟ್ರನ್ನು ಅಂದು ಗಣಿಗೆ ಕರೆದೊಯ್ದವನೂ ಇವನೇ. ಕಣ್ಣಿಲ್ಲದ ಆ ಹುಳವನ್ನು ಮೊದಲು ಕಂಡು ಬೆರಳಿಟ್ಟು ತೋರಿಸಿದವನೂ ಇವನೇ. ಇದನ್ನು ನಾನು ಬರೆಯಲೇ ಎಂದು ಕೇಳಿದ್ದಕ್ಕೆ ಮೇಷ್ಟ್ರು ನಕ್ಕು, “ಸೂಜಿ ಚುಚ್ಚೋನು ಚುಚ್ಚಲಿ, ಹೆಸರಿಡೋನು ಇಡಲಿ ಕಣೋ,” ಎಂದರಂತೆ. ನಗುತ್ತಲೇ ಒಂದು ಹೆಜ್ಜೆ ಹಿಂದೆ ಇಟ್ಟವರು ಬಾವಿಗೆ ಬಿದ್ದರು. ಆ ಹುಳ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ತಳ್ಳಿದೆಯಾ?”

“ಇಲ್ಲ. ಕಾಲು ಮುರೀತು, ಹಗ್ಗ ತಾ ಅಂತ ಕೂಗಿದ್ರು. ತರೋಕೇ ಅಂತ ಹೊರಗೆ ಬಂದೆ. ಒಂದು ಗಂಟೆ ಕೂಗಲಿ, ನನ್ನ ಹೆಸರು ಹಿಡಿದು ಕೂಗಲಿ ಅನ್ನಿಸ್ತು. ಒಂದೇ ಗಂಟೆ. ಆಮೇಲೆ ಯಾಕೆ ತಡವಾಯ್ತು ಅಂದ್ರೆ ಏನು ಹೇಳೋದು ಅಂತ ಭಯ. ಆ ಭಯದಲ್ಲೇ ಒಂದು ದಿನ ಹೋಯ್ತು. ಆಮೇಲೆ ಇನ್ನೊಂದು.”

ಹದಿಮೂರನೇ ತಾರೀಖು ಹಗ್ಗ ತೆಗೆದುಕೊಂಡು ಹೋದ. ಸುರಂಗದ ಬಾಯಲ್ಲಿ ನಿಂತಾಗ ಒಳಗಿಂದ ಮೂರು ಏಟು ಕೇಳಿಸಿತು ಎಂದು ಇವನು ಪ್ರಮಾಣ ಮಾಡುತ್ತಾನೆ. ಕೆಳಗಿಳಿದಾಗ ಮೇಷ್ಟ್ರ ಉಸಿರಿರಲಿಲ್ಲ. ಮೈ ಇನ್ನೂ ಸೆಟೆದಿರಲಿಲ್ಲ. ಮುಷ್ಟಿಯಲ್ಲಿ ಸೀಸೆ ಇತ್ತು. ಆರು ವರ್ಷ ಅದನ್ನು ಮೇಜಿನ ಸೆಳೆಖಾನೆಯಲ್ಲಿಟ್ಟುಕೊಂಡ. ಅವರ ಹೆಸರನ್ನೇ ಇಟ್ಟರೆ ಆ ಟಕ್ ಟಕ್ ನಿಲ್ಲಬಹುದು ಅನ್ನಿಸಿತು. ನಿಲ್ಲಲಿಲ್ಲ.

“ತಾರೀಖು ಬದಲಿಸಿದ್ರೆ ಬಚಾವಾಗ್ತಿದ್ದೆ,” ಎಂದ ಇನ್ಸ್‌ಪೆಕ್ಟರ್.

“ಅವರು ಕತ್ತಲಲ್ಲಿ ಕೂತು ಬರೆದಿದ್ದು ಸರ್ ಅದು. ಹೇಗೆ ಬದಲಿಸೋದು?”

ಹೇಳಿಕೆಯನ್ನು ಅವನು ಎರಡು ಸಲ ಓದಿ, ಒಂದು ಕಡೆ ತಪ್ಪಾಗಿದ್ದ ಸಮಯವನ್ನು ತೋರಿಸಿ ತಿದ್ದಿಸಿ, ರುಜು ಹಾಕಿದ. ಎದ್ದು ನಿಂತವನು ಇನ್ಸ್‌ಪೆಕ್ಟರನ ಕಡೆ ತಿರುಗಿದ.

“ಹನ್ನೊಂದನೇ ತಾರೀಖು ಸಂಜೆ ನೀವು ಬಂದಿದ್ರಿ. ಒಂಬತ್ತನೇ ತಾರೀಖು ಎಲ್ಲಿದ್ದೆ ಅಂತ ಕೇಳಿದ್ರಿ. ಮನೆಯಲ್ಲಿ ಅಂದೆ. ಇನ್ನೊಂದ್ಸಲ ಕೇಳ್ತೀರಿ ಅಂತ ಕಾದೆ. ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆ. ನೀವು ಪುಸ್ತಕ ಮುಚ್ಚಿದ್ರಿ.”

ಅವನ ದನಿಯಲ್ಲಿ ದೂರು ಇರಲಿಲ್ಲ. ದಫೇದಾರ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸತೊಡಗಿದ.

ಸಂಜೆ ಆರಕ್ಕೆ ಇನ್ಸ್‌ಪೆಕ್ಟರ್ ಮೇಷ್ಟ್ರ ಮನೆಗೆ ಒಬ್ಬನೇ ಹೋದ. ಬಾಗಿಲು ದೂಡಿದರೆ ತೆರೆಯಿತು. ಮೇಷ್ಟ್ರ ಹೆಂಡತಿ ಕುರ್ಚಿಯಲ್ಲಿದ್ದಳು, ಮಗಳು ಅವಳ ಪಕ್ಕ ನಿಂತಿದ್ದಳು. ಸಿಕ್ಕಿದ್ದನ್ನು, ಸಿಕ್ಕ ಜಾಗವನ್ನು, ಹಿಡಿದವನನ್ನು ಅವನು ಕ್ರಮವಾಗಿ ಹೇಳಿದ. ವರ್ಷಗಟ್ಟಲೆ ನುಂಗಿದ ಅವಮಾನ ಒಂದು ಗಂಟೆ ಸೇಡು ಕೇಳಿತು, ಉಳಿದದ್ದನ್ನೆಲ್ಲ ಹೆದರಿಕೆ ಮಾಡಿತು ಎಂದ. ತಾನು ಹನ್ನೊಂದರಂದು ಪುಸ್ತಕ ಮುಚ್ಚಿದ್ದನ್ನೂ ಹೇಳಿದ. ಅದನ್ನು ಹೇಳುವಾಗ ಅವನಿಗೆ ನೆಲ ನೋಡದೆ ಇರಲು ಆಗಲಿಲ್ಲ.

ಲೇಬಲ್ಲಿನಲ್ಲಿ ಏನು ಬರೆದಿದ್ದರು ಎಂದು ಮೇಷ್ಟ್ರ ಹೆಂಡತಿ ಕೇಳಿದಳು. ಅವನು ಬಾಯಿಪಾಠ ಒಪ್ಪಿಸಿದ.

“ಅಲ್ಲೂ ಹುಳ ಎಣಿಸ್ತಾ ಕೂತಿದ್ರಾ,” ಎಂದಳು. ನಕ್ಕಳು, ನಗು ಅರ್ಧಕ್ಕೇ ಒಡೆಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಹನ್ನೆರಡನೇ ತಾರೀಖು ಅವರು ಬದುಕಿದ್ರಾ?”

“ಬದುಕಿದ್ರು.”

ಅವಳು ತಲೆಯಾಡಿಸಿದಳು. ಆಮೇಲೆ, ಮೊದಲು ಕೇಳೇ ಇಲ್ಲ ಎಂಬಂತೆ, ಅದನ್ನೇ ಕೇಳಿದಳು. ಇನ್ಸ್‌ಪೆಕ್ಟರ್ ಎರಡನೇ ಸಲವೂ ಉತ್ತರ ಹೇಳಿದ. ಮೂರನೇ ಸಲ ಕೇಳುತ್ತಾಳೆಂದು ತಿಳಿದು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಲ್ಲೇ ಕೂತ.