ಜಗುಲಿಯಲ್ಲಿ ಕೇಳಬಾರದ ಮಾತು

"ಊಟ ಆಯ್ತಾ?" ಎಂದು ಕೇಳಿದ್ದೇ ನನ್ನ ತಪ್ಪಾಯಿತು.

ಆಸ್ಪತ್ರೆಯ ಜಗುಲಿಯಲ್ಲಿ ಗಂಜಿ ಲೋಟ ಹಿಡಿದು ಕೂತಿದ್ದ ಹುಡುಗಿ ಲೋಟ ಕೆಳಗಿಟ್ಟು ಮುಖ ತಿರುಗಿಸಿಕೊಂಡಳು. ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ನರ್ಸ್ ನಾಗರತ್ನಮ್ಮ ನನ್ನ ಮೇಲೆ ಎಗರಿ ಬಿದ್ದರು.

"ಏನ್ ಬಾಯ್ರೀ ನಿಮ್ದು ಕಂಡಕ್ಟ್ರೇ! ಅರ್ಧ ಗಂಟೆ ಕೂತು ಮೂರು ಗುಟುಕು ಕುಡ್ಸಿದ್ದೆ. ಈ ಹುಡ್ಗಿ ಹತ್ರ ಯಾರೂ ಊಟದ ಮಾತು ಎತ್ತಂಗಿಲ್ಲ ಅಂತ ಡಾಕ್ಟ್ರ ಆರ್ಡರ್ ಐತೆ!"

ಅಯ್ಯೋ ದೇವುಡಾ! ನಾನು ಪಾವಗಡ–ಮಧುಗಿರಿ ಬಸ್ಸಿನ ಕಂಡಕ್ಟರ್ ಕದರಪ್ಪ. ನಮ್ಮ ಸೀಮೆಯಲ್ಲಿ ಎದುರಾದವರನ್ನು ಊಟ ಆಯ್ತಾ ಎನ್ನದೆ ಇನ್ನೇನೆಂದು ಮಾತಾಡಿಸುವುದು? ಅರವತ್ತೊಂದನೇ ಇಸವಿಯ ಆ ಬೇಸಿಗೆಯಲ್ಲಿ ಬಸ್ಸಿನ ಟಾಪಿಗೆ ಮೂಟೆ ಏರಿಸಲು ಹೋಗಿ ಬಿದ್ದು, ಮಧುಗಿರಿಯಲ್ಲಿ ಆಸ್ಪತ್ರೆ ಸೇರಿದ್ದೆ. ಕಾಲಿಗೆ ಪ್ಲಾಸ್ಟರ್ ಇತ್ತು, ಬಾಯಿಗಿರಲಿಲ್ಲ.

ಅವಳ ಹೆಸರು ಚಿಕ್ಕಹನುಮಕ್ಕ. ಹುಲಿಕುಂಟೆ ಶಾಲೆಯ ಟೀಚರ್. ಊಟ ಬಿಡುತ್ತಾ ಬಿಡುತ್ತಾ ಸೀಮೆಸುಣ್ಣ ಹಿಡಿಯುವ ತ್ರಾಣವೂ ಉಳಿದಿರಲಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ಸಿದ್ದರಬೆಟ್ಟಕ್ಕೆ ಹರಕೆ ಹೊತ್ತಿದ್ದರು. ಡಾಕ್ಟರು ಮಾತ್ರ ಇದು ಅನೊರೆಕ್ಸಿಯಾ ನರ್ವೋಸಾ ಎಂದರು.

"ಹಟಾನೂ ಅಲ್ಲ, ಗಾಳೀನೂ ಅಲ್ಲ. ತುತ್ತು ಕಂಡ್ರೆ ಹೆದರೋ ಕಾಯಿಲೆ. ಈ ತಿಂಗಳಲ್ಲಿ ಚೇತರಿಸ್ಕೊಳ್ಳದಿದ್ರೆ ಹೃದಯ ತಡೆಯಲ್ಲ" ಎಂದು ಅವಳ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಆವತ್ತು ನನಗೂ ಅನ್ನ ಸೇರಲಿಲ್ಲ.

ಮರುದಿನದಿಂದ ನಾನು ಬೇರೆ ಪ್ರಶ್ನೆ ಹುಡುಕತೊಡಗಿದೆ.

"ಮೇಡಂ, ಆ ಬೇವಿನ ಮರದಾಗೆ ಎಷ್ಟು ಗಿಣಿ ಅವೆ?"

ಎರಡು ದಿನ ಮರದ ಕಡೆಗೇ ನೋಡುತ್ತಾ ಕೂತಳು. ಮೂರನೆಯ ದಿನ ಓರೆಗಣ್ಣಲ್ಲಿ ನನ್ನನ್ನು ನೋಡಿದಳು.

"ಏಳು. ಎಣಿಸೋಕೂ ಬರಲ್ವಾ? ಟಿಕೆಟ್ ಹೆಂಗೆ ಹರೀತೀರ?"

"ನೀವೇ ಕಲಿಸ್ಬುಡಿ."

ತುಟಿಯಂಚಿನಲ್ಲಿ ಸಣ್ಣ ನಗು ಬಂತು. ಸುಳ್ಳೇಕೆ ಹೇಳಲಿ, ಕಾಲಿನ ನೋವೇ ಮರೆತುಹೋಯಿತು.

ಎರಡು ಗಂಟೆಗೊಮ್ಮೆ ನಾಗರತ್ನಮ್ಮ ಎರಡು ಲೋಟ ತರುತ್ತಿದ್ದರು, ಒಂದು ಅವಳಿಗೆ, ಒಂದು ತಮಗೆ. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಜೊತೆಗೆ ಕೂತು ಕುಡಿದು, ಆಮೇಲೆ ಅವಳ ಕೈ ಹಿಡಿದುಕೊಂಡೇ ಇರುತ್ತಿದ್ದರು. ಅವಳು ನಡುಗುತ್ತಾ, ಕಣ್ಣು ಮುಚ್ಚಿ ಗುಟುಕು ನುಂಗುವಳು. ಮಧುಗಿರಿ ಬೆಟ್ಟ ಹತ್ತಿ ಬಂದು ಜಂಬ ಕೊಚ್ಚುವವರನ್ನು ನನ್ನ ಬಸ್ಸಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇಂಥ ಗಟ್ಟಿಗಿತ್ತಿಯನ್ನು ಕಂಡಿರಲಿಲ್ಲ.

"ಒಳಗೊಬ್ಳು ಬ್ಯಾಡ ಬ್ಯಾಡ ಅಂತಾಳೆ ಕದರಪ್ನೋರೇ. ದಿನಾ ಅವಳ ಜೊತೆ ಜಗಳ" ಎಂದಳು ಒಂದು ಸಂಜೆ.

"ಗೆಲ್ಲೋರು ಯಾರು?"

"ಇವತ್ತು ನಾನು."

ಖಾಲಿ ಲೋಟ ಬೋರಲು ಮಾಡಿ ತೋರಿಸಿದಳು. ಆ ಕಣ್ಣಿನ ಹೊಳಪಿಗೆ ನಾನು ಪೂರ್ತಿ ಸೋತೆ.

ತಿಂಗಳು ಕಳೆಯಿತು. ಗಂಡಾಂತರ ದಾಟಿತು, ಇನ್ನು ಕೆಲವು ತಿಂಗಳು ಹೀಗೇ ನೋಡಿಕೊಳ್ಳಬೇಕು ಎಂದರು ಡಾಕ್ಟರು. ನನ್ನ ಪ್ಲಾಸ್ಟರನ್ನೂ ಬಿಚ್ಚಿದರು. ಹೋಗುವ ದಿನ ಚೀಲ ಕಟ್ಟಿಕೊಂಡು ಜಗುಲಿಯಲ್ಲಿ ಸುಮ್ಮನೆ ಕೂತಿದ್ದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳು ತಟ್ಟೆ ಹಿಡಿದು ತಾನೇ ನಡೆದು ಬಂದಳು, ಹಿಂದೆ ನಾಗರತ್ನಮ್ಮ.

"ಯಾಕೆ, ಇವತ್ತು ಗಿಣಿ ಎಣಿಸಲ್ವಾ?"

"ಹೋಗೋಕೆ ಮನಸ್ಸಿಲ್ಲ. ನಿಮ್ಮನ್ನ ಬುಟ್ಟು ಹೋಗೋಕೆ ಆಯ್ತಿಲ್ಲ ಮೇಡಂ."

ಹೇಳಿಯೇಬಿಟ್ಟಿದ್ದೆ. ಅವಳ ಕಿವಿ ಕೆಂಪಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೇರವಾಗಿ ನೋಡಿದಳು.

"ಊಟ ಆಯ್ತಾ?"

ತಿಂಗಳಿಂದ ಆ ಜಗುಲಿಯಲ್ಲಿ ಯಾರೂ ಆಡದ ಮಾತು. ನಾಗರತ್ನಮ್ಮ ಸರಕ್ಕನೆ ಅತ್ತ ತಿರುಗಿ ಕಣ್ಣೊರೆಸಿಕೊಂಡರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಪುಟ್ಟ ಮುದ್ದೆಯಿದ್ದ ತಟ್ಟೆಯನ್ನು ಅವಳು ನನ್ನತ್ತ ಚಾಚಿದ್ದು ಕಂಡು ನಾಗರತ್ನಮ್ಮ, "ಅದು ನಿನ್ ಪಾಲು ಕಣಮ್ಮ. ಇವ್ರಿಗೆ ಬೇರೆ ತರ್ತೀನಿ" ಎಂದು ಒಳಗೆ ಓಡಿದರು.

ಅವಳು ನನ್ನ ಪಕ್ಕ ಕೂತಳು.

"ಒಬ್ಳೇ ಉಣ್ಣೋಕೆ ನಂಗಿನ್ನೂ ಭಯ. ಜೊತೇಲಿ ಇರ್ತೀರಾ?"

"ಬದುಕಿರೋ ತನಕ" ಎಂದೆ.

ನನ್ನ ತಟ್ಟೆ ಬಂತು. ಮೊದಲ ತುತ್ತು ಅವಳೇ ಮುರಿದಳು.