ಎದ್ದು ಹೋದವನ ಕಾರಣ

ಸುಬ್ಬಲಕ್ಷ್ಮಿ ಎರಡು ನಿಮಿಷ ಕುಣಿದಿದ್ದಳೋ ಇಲ್ಲವೋ, ಹನುಮಯ್ಯ ಚಾಪೆಯಿಂದ ಎದ್ದು ಹೊರಗೆ ಹೋಗಿಬಿಟ್ಟ.

ಆಯ್ಕೆಗೆ ಕೂತಿದ್ದವರು ಐದು ಜನ. ನಾಲ್ವರು ಕದಲಲಿಲ್ಲ. ಎದ್ದವನು ಇವನೇ. ವಾರವಿಡೀ ಅವಳು ಅಭ್ಯಾಸ ಮಾಡುವಾಗ ಡಾಲ್ಡಾ ಡಬ್ಬದಲ್ಲಿ ಮಾಡಿದ ರಂಗದ ಲೈಟು ತಿರುಗಿಸುತ್ತ ಕದ್ದು ಕದ್ದು ನೋಡುತ್ತಿದ್ದವನು! ಅವಳೂ ಏನೂ ಗೊತ್ತಿಲ್ಲದವಳಂತೆ ಇದ್ದುಕೊಂಡೇ ಎಲ್ಲವನ್ನೂ ನೋಡಿಟ್ಟುಕೊಂಡಿದ್ದಳು. ಆ ನೋಟ ನಂಬಿ ಕೆಟ್ಟೆನಲ್ಲ ಎಂದು ಈಗ ಮೈಯೆಲ್ಲ ಉರಿಯಿತು.

ಪೀಣ್ಯದಲ್ಲಿ ಮುಚ್ಚಿಹೋದ ಬೋಲ್ಟು ಕಾರ್ಖಾನೆಯೊಂದರ ಶೆಡ್ಡಿನಲ್ಲಿತ್ತು 'ತಾಲೀಮು ಮನೆ'. ನಿವೃತ್ತ ಟೀಚರ್ ರಾಮಮ್ಮ ಕಟ್ಟಿದ ಸಂಸ್ಥೆ. ಸರ್ಕಾರದ ಹಂಗಿಲ್ಲ, ಮಾಲೀಕರ ಹಂಗಿಲ್ಲ; ಹೊಸದೇನನ್ನೋ ಆಡಬೇಕು, ಕುಣಿಯಬೇಕು ಎಂದು ಚಡಪಡಿಸುವ ಎಳೆಯರಿಗೆ ಜಾಗ ಕೊಡುವುದೇ ಅದರ ಕೆಲಸ. ವರ್ಷಕ್ಕೊಬ್ಬರನ್ನು ಆರಿಸಿ, ಅವರ ಪ್ರಯೋಗ ರಂಗಕ್ಕೆ ಬರುವ ತನಕ ಜೊತೆಗೆ ನಿಲ್ಲುತ್ತಿತ್ತು. ೧೯೮೩ರ ಆ ಅವಕಾಶಕ್ಕೆ ಸುಬ್ಬಲಕ್ಷ್ಮಿ ಅರ್ಜಿ ಹಾಕಿದ್ದಳು. ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಹುಡುಗಿ ಅವಳು. ಅವಳ ನೃತ್ಯಕ್ಕೆ ಗೆಜ್ಜೆಯಿಲ್ಲ, ದೇವರ ಕಥೆಯಿಲ್ಲ. ದಿನವಿಡೀ ತಂತಿ ಸುತ್ತುವ ಕೈಗಳೇ ಅದರ ಕಥೆ. ಇದು ತಪ್ಪಿದರೆ ಅದನ್ನು ಕುಣಿಯಲು ಅವಳಿಗೆ ಬೇರೆ ಎಲ್ಲೂ ಜಾಗವಿರಲಿಲ್ಲ.

ಮಾರನೆಯ ಮಧ್ಯಾಹ್ನ, ಫಸ್ಟ್ ಶಿಫ್ಟ್ ಮುಗಿದದ್ದೇ ತಡ, ಶೆಡ್ಡಿಗೆ ಬಂದಳು. ಹನುಮಯ್ಯ ಒಬ್ಬನೇ ಏಣಿಯ ಮೇಲೆ ಲೈಟು ಕಟ್ಟುತ್ತಿದ್ದ.

"ನನ್ನ ಅರ್ಜಿ ವಾಪಸ್ ಕೊಡಿ."

"ಯಾಕ್ರೀ?" ಅವನು ಗಾಬರಿಯಿಂದ ಇಳಿದ.

"ಎದ್ದು ಹೋಗೋವಷ್ಟು ಕೆಟ್ಟದಾಗಿತ್ತಲ್ಲ! ನೀವು ಬೇಡ ಅನ್ನೋಕೆ ಮುಂಚೆ ನಾನೇ ಬೇಡ ಅಂತೀನಿ."

"ಅಯ್ಯೋ, ಅದಕ್ಕಲ್ಲ ಕಣ್ರೀ!" ಅವನ ಕಿವಿ ಕೆಂಪಾದವು. "ಇಲ್ಲೊಂದು ಪದ್ಧತಿ ಇದೆ. ಅರ್ಜಿ ಹಾಕ್ದೋರು ನಮ್ಮ ನೆಂಟ್ರೋ, ಬೇಕಾದೋರೋ ಆಗಿದ್ರೆ ಅವರ ಸರದೀಲಿ ನಾವು ಕೂರೋ ಹಾಗಿಲ್ಲ. ಹೊರಗೆ ಹೋಗಿ, ಆಯ್ಕೆ ಪುಸ್ತಕದಲ್ಲಿ ಕಾರಣ ಬರೀಬೇಕು. ನಾನು ಮೊದ್ಲೇ ಹೋಗ್ಬೇಕಿತ್ತು. ನೋಡೋ ಆಸೆಗೆ ಕೂತ್ಬಿಟ್ಟೆ. ಆಮೇಲೆ ಮನಸ್ಸು ಚುಚ್ತು."

"ನನಗೂ ನಿಮಗೂ ಯಾವ ಸೀಮೆ ನೆಂಟಸ್ತಿಕೆ?"

"ನೆಂಟಸ್ತಿಕೆ ಏನಿಲ್ಲ."

"ಮತ್ತೆ ಏನಂತ ಬರೆದ್ರಿ?"

ಅವನು ಬೀರುವಿನಿಂದ ಪುಸ್ತಕ ತೆಗೆದು, ಪುಟ ಬಿಡಿಸಿ ಅವಳ ಕೈಗಿಟ್ಟು, ಕಿಟಕಿಯ ಕಡೆ ತಿರುಗಿ ನಿಂತ.

'ಸುಬ್ಬಲಕ್ಷ್ಮಿಯವರೆಂದರೆ ನನಗೆ ಬಹಳ ಇಷ್ಟ. ಆದ್ದರಿಂದ ಅವರ ಆಯ್ಕೆಯಲ್ಲಿ ನಾನು ಕೂರುವುದು ನ್ಯಾಯವಲ್ಲ. ಈ ವಿಷಯ ಅವರಿಗೆ ಗೊತ್ತಿಲ್ಲ.'

ಕೆಳಗೆ ಉಳಿದ ನಾಲ್ವರ ಸಹಿ. ಅದರಡಿ ರಾಮಮ್ಮನವರ ದುಂಡು ಅಕ್ಷರ: 'ಸುಬ್ಬಲಕ್ಷ್ಮಿಯ ಆಯ್ಕೆಗೆ ನಾಲ್ವರದೂ ಒಪ್ಪಿಗೆ.'

ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿದುಹೋಯಿತು. ಯಾರ ದಾಕ್ಷಿಣ್ಯವೂ ಇಲ್ಲದೆ, ಅವನ ಒಂದು ಮಾತೂ ಇಲ್ಲದೆ, ಅವಳ ಕುಣಿತ ತಾನೇ ಗೆದ್ದಿತ್ತು. ಅದರ ಮೇಲೆ ಇವನು ಬೇರೆ! ಅಳುವೂ ನಗುವೂ ಒಟ್ಟಿಗೇ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇದನ್ನ ನಾಲ್ಕೂ ಜನ ಓದಿದ್ರಾ?"

"ಓದೇ ಸಹಿ ಹಾಕಿದ್ದು. ರಾಮಮ್ಮ ಮೇಡಂ ಅಂತೂ ಎರಡು ಸಲ ಓದಿದ್ರು, ಜೋರಾಗಿ."

"ಎಲ್ರಿಗೂ ಹೇಳಿ ನನಗೊಬ್ಬಳಿಗೆ ಹೇಳ್ಲಿಲ್ಲ."

"ಈಗ ಹೇಳ್ತಿದೀನಲ್ಲ." ಅವನು ತಿರುಗಿದ. ಕಣ್ಣಲ್ಲಿ ಕಣ್ಣಿಡುವ ಧೈರ್ಯ ಸಾಲದೆ ಅವಳ ಕೈಗಳನ್ನೇ ನೋಡಿದ. "ಇಷ್ಟ ಕಣ್ರೀ. ನಿಮಗೆ ಬೇಡ ಅಂದ್ರೆ ಆ ಮಾತು ಪುಸ್ತಕದಲ್ಲೇ ಇರ್ಲಿ."

ಸುಬ್ಬಲಕ್ಷ್ಮಿ ಪುಸ್ತಕ ಮುಚ್ಚಿದಳು. "ಮುಂದೆ ನಾನು ಇನ್ನೊಂದು ಅರ್ಜಿ ಹಾಕ್ತೀನಿ. ಆವಾಗ್ಲೂ ನೀವು ಹೊರಗೇ ನಿಲ್ಬೇಕು."

ಅವನ ಮುಖ ಬಾಡಿತು. "ಯಾಕೆ?"

"ನಿಮ್ಮದೇ ಪದ್ಧತಿ ಅಲ್ವಾ?" ಅವಳು ತುಟಿಯಂಚಿನಲ್ಲಿ ನಗು ತಡೆದಳು. "ಅಷ್ಟೊತ್ತಿಗೆ ನಿಜವಾಗ್ಲೂ ನೆಂಟ್ರಾಗಿರ್ತೀವಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಏಣಿ ಹಿಡಿದುಕೊಂಡು ನಗತೊಡಗಿದ, ಅವಳೂ ನಕ್ಕಳು.